‘ನೆಟ್ ಇಲ್ಲ’ ಎನ್ನುವ ಮುನ್ನ...

ವಿದ್ಯಾರ್ಥಿವೇತನದ ಅರ್ಜಿ ಸಲ್ಲಿಸಲು ಅಂದೇ ಕೊನೆಯ ದಿನ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಭಾವಚಿತ್ರ ಎಲ್ಲವೂ ಸಿದ್ಧವಾಗಿವೆ. ಆದರೆ ‘ಸಲ್ಲಿಸು’ ಎಂಬ ಗುಂಡಿ ಒತ್ತಿದರೆ ಪರದೆಯ ಮೇಲೆ ಸಣ್ಣ ಚಕ್ರವೊಂದು ಸುತ್ತುತ್ತಲೇ ಇರುತ್ತದೆ. ಪಕ್ಕದ ಕೋಣೆಗೆ ಹೋಗಿ ಕೇಳಿದರೆ ‘ನಮ್ಮಲ್ಲೂ ನೆಟ್ ಇಲ್ಲ’ ಎಂಬ ಉತ್ತರ. ಕಂಪ್ಯೂಟರ್ ವಿಭಾಗಕ್ಕೆ ಫೋನ್ ಮಾಡಿದರೆ ‘ನಮ್ಮ ಕಡೆಯಿಂದ ಎಲ್ಲ ಸರಿಯಾಗಿದೆ’ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೂ ಅರ್ಜಿ ಹೋಗಲಿಲ್ಲ. ರಾತ್ರಿ ಹನ್ನೆರಡು ಹೊಡೆಯಿತು.

ನಮ್ಮ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಈ ದೃಶ್ಯ ಅಪರೂಪವೇನಲ್ಲ. ಪ್ರವೇಶ, ಶುಲ್ಕ, ಹಾಲ್ ಟಿಕೆಟ್, ಫಲಿತಾಂಶ, ನೌಕರಿಯ ಸಂದರ್ಶನದ ಕರೆ ಎಲ್ಲವೂ ಈಗ ಇ-ಮೇಲ್ ಮತ್ತು ಇಂಟರ್‌ನೆಟ್ ಮೂಲಕವೇ ಬರುತ್ತವೆ. ಒಂದು ಪತ್ರ ಕಾಣದೇ ಹೋದರೆ ಒಂದು ವರ್ಷವೇ ಕೈತಪ್ಪಬಹುದು. ಹೀಗಿರುವಾಗ ‘ನೆಟ್ ಇಲ್ಲ’ ಎಂಬ ಎರಡು ಪದಗಳ ದೂರು, ವೈದ್ಯರ ಬಳಿ ಹೋಗಿ ‘ಮೈಗೆ ಹುಷಾರಿಲ್ಲ’ ಎಂದಷ್ಟೇ ಹೇಳಿ ಸುಮ್ಮನಾದಂತೆ. ಎಲ್ಲಿ ನೋವು, ಯಾವಾಗಿನಿಂದ ಎಂದು ತಿಳಿಯದೆ ಔಷಧ ಕೊಡುವುದು ಹೇಗೆ?

ಕ್ಯಾಂಪಸ್ಸಿಗೂ ಇ-ಮೇಲಿಗೂ ನಮ್ಮ ದೇಶದಲ್ಲಿ ಹಳೆಯ ನಂಟಿದೆ. 1986ರಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ‘ಅರ್ನೆಟ್’ ಎಂಬ ಶಿಕ್ಷಣ ಮತ್ತು ಸಂಶೋಧನಾ ಜಾಲವನ್ನು ಆರಂಭಿಸಿತು. ಮೊದಲಿಗೆ ಅದರಲ್ಲಿದ್ದದ್ದು ಎಂಟೇ ಸಂಸ್ಥೆಗಳು. ಐದು ಐಐಟಿಗಳ ಜತೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಅಲ್ಲಿಯವರೆಗೆ ಇ-ಮೇಲ್ ಎಂಬುದು ಬಹುಮಟ್ಟಿಗೆ ಇಂಥ ಕ್ಯಾಂಪಸ್ಸುಗಳ ಸೊತ್ತಾಗಿತ್ತು. ಆಗ ಒಂದು ವಿಭಾಗಕ್ಕೆ ಒಂದೋ ಎರಡೋ ಕಂಪ್ಯೂಟರ್. ಈಗ ಒಬ್ಬ ವಿದ್ಯಾರ್ಥಿಯ ಬಳಿಯೇ ಫೋನು, ಲ್ಯಾಪ್‌ಟಾಪು ಎಂದು ಎರಡು ಸಾಧನಗಳು. ತೊಂದರೆ ಹುಟ್ಟುವುದು ಈ ದಟ್ಟಣೆಯಲ್ಲೇ.

ಕೊಂಡಿ ಎಲ್ಲಿ ಕಳಚಿದೆ?

ನಿಮ್ಮ ಲ್ಯಾಪ್‌ಟಾಪಿನಿಂದ ಹೊರಟ ಸಂದೇಶ ಮೊದಲು ಮೊಗಸಾಲೆಯ ಗೋಡೆಯ ಮೇಲಿರುವ ವೈಫೈ ಪೆಟ್ಟಿಗೆಗೆ ಹೋಗುತ್ತದೆ. ಅಲ್ಲಿಂದ ತಂತಿಯ ಮೂಲಕ ಆ ಮಹಡಿಯ ಸ್ವಿಚ್ಚಿಗೆ, ಅಲ್ಲಿಂದ ಸಂಸ್ಥೆಯ ಸರ್ವರ್ ಕೋಣೆಗೆ. ನಿಮಗೊಂದು ವಿಳಾಸ ಕೊಡುವುದು, ನಿಮ್ಮ ಗುರುತು ಪರಿಶೀಲಿಸುವುದು, ನೀವು ಬರೆದ ಹೆಸರಿನ ತಾಣ ಎಲ್ಲಿದೆ ಎಂದು ಹುಡುಕಿಕೊಡುವುದು ಸಾಮಾನ್ಯವಾಗಿ ಇಲ್ಲಿನ ಕೆಲಸ. ಅನಂತರವೇ ಸಂದೇಶ ಹೊರಜಗತ್ತಿಗೆ ಕಾಲಿಡುತ್ತದೆ. ಆಚೆ ತುದಿಯಲ್ಲಿ ಮೇಲ್ ಸರ್ವರ್ ಅದನ್ನು ಒಪ್ಪಿಕೊಳ್ಳಬೇಕು. ಇಷ್ಟು ಕೊಂಡಿಗಳಲ್ಲಿ ಯಾವುದೊಂದು ಕಳಚಿದರೂ ನಿಮಗೆ ಕಾಣುವುದು ಒಂದೇ: ಸುತ್ತುವ ಚಕ್ರ.

ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಇದು ನನಗೊಬ್ಬನಿಗೋ, ಎಲ್ಲರಿಗೂ ಇದೆಯೋ?’ ಎಂಬುದು. ಪಕ್ಕದವರ ಫೋನಿನಲ್ಲಿ ಅದೇ ವೈಫೈ ಕೆಲಸ ಮಾಡುತ್ತಿದ್ದರೆ ದೋಷ ನಿಮ್ಮ ಸಾಧನದಲ್ಲಿ ಅಥವಾ ಖಾತೆಯಲ್ಲಿದೆ. ನಿಮ್ಮ ಮಹಡಿಯಲ್ಲಿ ಯಾರಿಗೂ ಇಲ್ಲ, ಕೆಳ ಮಹಡಿಯಲ್ಲಿ ಇದೆ ಎಂದಾದರೆ ಮಹಡಿಯ ಪೆಟ್ಟಿಗೆಯನ್ನೋ ಸ್ವಿಚ್ಚನ್ನೋ ಸಂಶಯಿಸಬೇಕು. ಉಳಿದ ತಾಣಗಳೆಲ್ಲ ತೆರೆದು ಒಂದು ತಾಣ ಮಾತ್ರ ತೆರೆಯದಿದ್ದರೆ, ಅದನ್ನೇ ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ. ಅಲ್ಲೂ ತೆರೆಯದಿದ್ದರೆ ತೊಂದರೆ ಆ ತಾಣದ್ದೇ, ನಿಮ್ಮ ಕ್ಯಾಂಪಸ್ಸಿನದಲ್ಲ. ಈ ಮೂರು ಪರೀಕ್ಷೆಗಳಿಗೆ ಐದು ನಿಮಿಷವೂ ಬೇಡ. ಆದರೆ ಅರ್ಧ ಊಹೆಗಳನ್ನು ಇವು ತಳ್ಳಿಹಾಕುತ್ತವೆ.

ವೈಫೈ ಇದೆ, ಇಂಟರ್‌ನೆಟ್ ಇಲ್ಲ

ಪರದೆಯ ಮೂಲೆಯ ವೈಫೈ ಗೆರೆಗಳು ತುಂಬಿದ್ದರೆ ಎಲ್ಲ ಸರಿಯಾಗಿದೆ ಎಂದು ಬಹಳ ಜನ ಭಾವಿಸುತ್ತಾರೆ. ಆ ಗೆರೆಗಳು ಹೇಳುವುದು ನಿಮಗೂ ಗೋಡೆಯ ಪೆಟ್ಟಿಗೆಗೂ ನಡುವಿನ ರೇಡಿಯೊ ಸಂಪರ್ಕದ ವಿಷಯ ಮಾತ್ರ. ಅದರಾಚೆಗಿನ ಸುದ್ದಿ ಅವಕ್ಕೆ ಗೊತ್ತಿಲ್ಲ.

ಅನೇಕ ಕ್ಯಾಂಪಸ್ಸುಗಳಲ್ಲಿ ವೈಫೈ ಸೇರಿದ ಮೇಲೆ ಹೆಸರು ಮತ್ತು ಪಾಸ್‌ವರ್ಡ್ ಕೇಳುವ ಲಾಗಿನ್ ಪುಟ ಬರಬೇಕು. ಅದು ಬಾರದಿರುವುದೇ ದೊಡ್ಡ ತಲೆನೋವು. ಕಾರಣ ಸರಳ. ಇಂದಿನ ಬಹುತೇಕ ತಾಣಗಳು ಗೂಢಲಿಪಿಯಲ್ಲಿ ವ್ಯವಹರಿಸುತ್ತವೆ. ಮಧ್ಯೆ ಬೇರೊಂದು ಪುಟ ನುಸುಳಲು ಯತ್ನಿಸಿದರೆ ಬ್ರೌಸರ್ ಅದನ್ನು ಮೋಸವೆಂದು ತಿಳಿದು ತಡೆಯುತ್ತದೆ. ಹೀಗಾಗಿ ಲಾಗಿನ್ ಪುಟಕ್ಕೂ ಬಾಗಿಲು ಮುಚ್ಚುತ್ತದೆ. ಗೂಢಲಿಪಿ ಬಳಸದ ‘ನೆವರ್‌ಎಸ್‌ಎಸ್‌ಎಲ್.ಕಾಮ್’ನಂಥ ತಾಣವನ್ನು ತೆರೆದರೆ ಲಾಗಿನ್ ಪುಟ ತಾನಾಗಿ ಕಾಣಿಸಿಕೊಳ್ಳುವುದುಂಟು. ವಿಪಿಎನ್ ಚಾಲೂ ಇದ್ದರೆ ನಿಲ್ಲಿಸಿ. ಆಂಡ್ರಾಯ್ಡ್ ಫೋನಿನಲ್ಲಿ ‘ಪ್ರೈವೇಟ್ ಡಿಎನ್‌ಎಸ್’ ಎಂಬಲ್ಲಿ ಯಾವುದಾದರೂ ಹೆಸರು ತುಂಬಿದ್ದರೆ ಅದನ್ನೂ ತಾತ್ಕಾಲಿಕವಾಗಿ ತೆಗೆಯಿರಿ. ಸಾಧನದ ದಿನಾಂಕ, ಸಮಯ ಸರಿಯಾಗಿವೆಯೇ ನೋಡಿ. ಗಡಿಯಾರ ಒಂದು ವರ್ಷ ಹಿಂದಿದ್ದರೆ ತಾಣಗಳ ಭದ್ರತಾ ಪ್ರಮಾಣಪತ್ರಗಳೆಲ್ಲ ಅಸಿಂಧುವಾಗಿ ತೋರುತ್ತವೆ. ಬ್ಯಾಟರಿ ಪೂರ್ತಿ ಸತ್ತ ಹಳೆಯ ಲ್ಯಾಪ್‌ಟಾಪುಗಳಲ್ಲಿ ಹೀಗಾಗುವುದು ಸಾಮಾನ್ಯ.

ಇನ್ನೊಂದು ಸಂಗತಿ ಇತ್ತೀಚಿನದು. ಪ್ರತಿ ಸಾಧನಕ್ಕೂ ‘ಮ್ಯಾಕ್ ವಿಳಾಸ’ ಎಂಬ ಗುರುತಿನ ಸಂಖ್ಯೆ ಇರುತ್ತದೆ. ಕೆಲವು ಸಂಸ್ಥೆಗಳು ಈ ಸಂಖ್ಯೆಯನ್ನು ನೋಂದಾಯಿಸಿಕೊಂಡು, ನೋಂದಣಿಯಾದ ಸಾಧನಗಳನ್ನು ಮಾತ್ರ ಒಳಬಿಡುತ್ತವೆ. ಆದರೆ 2019ರಲ್ಲಿ ಬಂದ ಆಂಡ್ರಾಯ್ಡ್ 10 ಮತ್ತು 2020ರಲ್ಲಿ ಬಂದ ಐಒಎಸ್ 14ರ ನಂತರ ಫೋನುಗಳು ಖಾಸಗಿತನದ ರಕ್ಷಣೆಗೆಂದು ನಿಜವಾದ ಸಂಖ್ಯೆಯನ್ನು ಮರೆಮಾಡಿ ಬೇರೊಂದನ್ನು ತೋರಿಸುತ್ತವೆ. ‘ನಿನ್ನೆ ನೋಂದಾಯಿಸಿದ್ದೇನೆ, ಇಂದು ಒಳಬಿಡುತ್ತಿಲ್ಲ’ ಎಂಬ ದೂರಿನ ಹಿಂದೆ ಇದಿರಬಹುದು. ಕ್ಯಾಂಪಸ್ ಜಾಲದ ಸೆಟ್ಟಿಂಗಿನಲ್ಲಿ, ಆ ಒಂದು ಜಾಲಕ್ಕೆ ಮಾತ್ರ, ಸಾಧನದ ನಿಜ ಸಂಖ್ಯೆಯನ್ನು ಬಳಸುವಂತೆ ಬದಲಾಯಿಸಿದರೆ ಸಾಕು.

ವಿಳಾಸ ಸಿಗದ ಅತಿಥಿ

ಜಾಲಕ್ಕೆ ಸೇರಿದ ಕೂಡಲೇ ನಿಮ್ಮ ಸಾಧನ ‘ನನಗೊಂದು ವಿಳಾಸ ಕೊಡಿ’ ಎಂದು ಕೇಳುತ್ತದೆ. ಸರ್ವರ್ ಒಂದು ಐಪಿ ವಿಳಾಸವನ್ನು ಕೆಲವು ಗಂಟೆಗಳ ಮಟ್ಟಿಗೆ ಬಾಡಿಗೆಗೆ ಕೊಟ್ಟಂತೆ ಕೊಡುತ್ತದೆ. ವಿಂಡೋಸ್ ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟಿನಲ್ಲಿ ‘ಐಪಿಕಾನ್‌ಫಿಗ್’ ಆದೇಶ ಕೊಟ್ಟರೆ ಈ ವಿಳಾಸ ಕಾಣುತ್ತದೆ. ಅದು 169.254 ಎಂದು ಆರಂಭವಾಗಿದ್ದರೆ ಅರ್ಥ ಸ್ಪಷ್ಟ: ಕೇಳಿದ ವಿಳಾಸ ಸಿಗಲಿಲ್ಲ, ಕಂಪ್ಯೂಟರ್ ತಾನೇ ಒಂದನ್ನು ಅಂಟಿಸಿಕೊಂಡಿದೆ. ಅದರಿಂದ ಹೊರಜಗತ್ತಿಗೆ ದಾರಿಯಿಲ್ಲ.

ಏಕೆ ಸಿಗಲಿಲ್ಲ? ಒಂದು ಕಾರಣ ವಿಳಾಸಗಳೇ ಮುಗಿದಿರುವುದು. ಸಾಮಾನ್ಯವಾಗಿ ಬಳಸುವ ಒಂದು ಗಾತ್ರದ ಜಾಲದಲ್ಲಿ 254 ವಿಳಾಸಗಳಿಗೆ ಮಾತ್ರ ಜಾಗ. ನೂರೈವತ್ತು ವಿದ್ಯಾರ್ಥಿಗಳು ತಲಾ ಎರಡು ಸಾಧನ ತೆರೆದರೆ ಮುನ್ನೂರಾಯಿತು. ಮೊದಲು ಬಂದವರಿಗೆ ಜಾಗ, ಉಳಿದವರು ಹೊರಗೆ. ರಾತ್ರಿ ಊಟವಾದ ಮೇಲೆಯೇ ತೊಂದರೆ, ಬೆಳಿಗ್ಗೆ ಎಲ್ಲ ಸರಿ ಎಂಬ ಹಾಸ್ಟೆಲ್ಲುಗಳಲ್ಲಿ ಇದನ್ನೂ ಪರಿಶೀಲಿಸುವುದು ಒಳ್ಳೆಯದು. ಇದನ್ನು ಸರಿಪಡಿಸುವುದು ವಿದ್ಯಾರ್ಥಿಯ ಕೈಯಲ್ಲಿಲ್ಲ; ಕಂಪ್ಯೂಟರ್ ವಿಭಾಗ ಜಾಲವನ್ನು ಹಿಗ್ಗಿಸಬೇಕು ಅಥವಾ ಬಾಡಿಗೆಯ ಅವಧಿ ಕಡಿಮೆ ಮಾಡಬೇಕು.

ಎರಡನೆಯ ಕಾರಣ ವಿದ್ಯಾರ್ಥಿಗಳದೇ ಸೃಷ್ಟಿ. ಕೋಣೆಯಲ್ಲಿ ವೈಫೈ ಚೆನ್ನಾಗಿಲ್ಲವೆಂದು ಯಾರೋ ಒಬ್ಬರು ಮನೆಯಿಂದ ಸಣ್ಣ ರೂಟರ್ ತಂದು ಗೋಡೆಯ ಸಾಕೆಟ್ಟಿಗೆ ಜೋಡಿಸುತ್ತಾರೆ. ತಂತಿಯನ್ನು ತಪ್ಪು ಕಿಂಡಿಗೆ ಸೇರಿಸಿದರೆ ಆ ರೂಟರ್ ಇಡೀ ಮಹಡಿಗೆ ತಾನೇ ವಿಳಾಸ ಹಂಚಲು ತೊಡಗುತ್ತದೆ. ಅದು ಕೊಟ್ಟ ವಿಳಾಸ ಹಿಡಿದು ಹೊರಟವರು ಎಲ್ಲಿಗೂ ತಲುಪುವುದಿಲ್ಲ. ಕ್ಯಾಂಪಸ್ಸಿನಲ್ಲಿ ಉಳಿದವರಿಗೆ 10ರಿಂದ ಆರಂಭವಾಗುವ ವಿಳಾಸವಿದ್ದು ನಿಮಗೆ ಮಾತ್ರ 192.168 ಎಂದು ಬಂದಿದ್ದರೆ ಈ ಸಂಶಯಕ್ಕೆ ಬಲ ಬರುತ್ತದೆ. ಒಬ್ಬರ ಅನುಕೂಲ ನಲವತ್ತು ಜನರ ಅನನುಕೂಲವಾಗುವುದು ಹೀಗೆ. ಒಳ್ಳೆಯ ಸ್ವಿಚ್ಚುಗಳಲ್ಲಿ ಇದನ್ನು ತಡೆಯುವ ಸೌಲಭ್ಯವಿದೆ. ಅದನ್ನು ಚಾಲೂ ಮಾಡುವುದು ಸಂಸ್ಥೆಯ ಹೊಣೆ.

ಮೂರು ಸಲ ‘ಪಿಂಗ್’

ವಿಳಾಸ ಸರಿಯಾಗಿದ್ದೂ ಕೆಲಸವಾಗದಿದ್ದರೆ ‘ಪಿಂಗ್’ ಎಂಬ ಪುಟ್ಟ ಆದೇಶ ನೆರವಿಗೆ ಬರುತ್ತದೆ. ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ ಇದನ್ನು 1983ರಲ್ಲಿ ಬರೆದರು. ಜಲಾಂತರ್ಗಾಮಿಗಳನ್ನು ಪತ್ತೆಹಚ್ಚುವ ಸೋನಾರ್ ಯಂತ್ರದ ಸದ್ದೇ ಅದರ ಹೆಸರಾಯಿತು. ‘ಇದ್ದೀಯಾ?’ ಎಂದು ಕೂಗಿ, ‘ಇದ್ದೇನೆ’ ಎಂಬ ಉತ್ತರ ಬರಲು ಎಷ್ಟು ಹೊತ್ತಾಯಿತು ಎಂದು ಅಳೆಯುವುದಷ್ಟೇ ಅದರ ಕೆಲಸ.

ಮೊದಲು ‘ಡೀಫಾಲ್ಟ್ ಗೇಟ್‌ವೇ’ ಎಂದು ಕಾಣುವ ವಿಳಾಸಕ್ಕೆ ಪಿಂಗ್ ಮಾಡಿ. ಉತ್ತರ ಬಂದರೆ ಕ್ಯಾಂಪಸ್ಸಿನ ಹೆಬ್ಬಾಗಿಲವರೆಗೆ ದಾರಿ ಸರಿಯಿದೆ. ಎರಡನೆಯದಾಗಿ 8.8.8.8ಕ್ಕೆ ಪಿಂಗ್ ಮಾಡಿ; ಇದು ಗೂಗಲ್ ಸಂಸ್ಥೆಯ ಸಾರ್ವಜನಿಕ ಸರ್ವರ್. ಉತ್ತರ ಬಂದರೆ ಹೊರಜಗತ್ತಿನ ದಾರಿಯೂ ಸರಿ. ಮೂರನೆಯದಾಗಿ ಯಾವುದಾದರೂ ತಾಣದ ಹೆಸರು ಬರೆದು ಪಿಂಗ್ ಮಾಡಿ. ಅಂಕಿಗೆ ಉತ್ತರ ಬಂದು, ಆ ಹೆಸರು ಸಿಗಲಿಲ್ಲ ಎಂಬ ಒಕ್ಕಣೆ ಕಂಡರೆ ದೋಷ ‘ಡಿಎನ್‌ಎಸ್’ ಎಂಬ ಹೆಸರಿನ ಕೋಶದಲ್ಲಿದೆ. ಟೆಲಿಫೋನ್ ಸರಿಯಿದ್ದು ಡೈರೆಕ್ಟರಿ ಕಳೆದುಹೋದ ಸ್ಥಿತಿ ಅದು. ಒಂದು ಎಚ್ಚರಿಕೆ: ಕೆಲವು ಸಂಸ್ಥೆಗಳು ಭದ್ರತೆಗಾಗಿ ಪಿಂಗ್ ಉತ್ತರಗಳನ್ನೇ ತಡೆದಿರುತ್ತವೆ. ಎಲ್ಲ ಸರಿಯಿರುವ ದಿನ ಒಮ್ಮೆ ಪ್ರಯತ್ನಿಸಿ ನೋಡಿಟ್ಟುಕೊಂಡರೆ ಕೆಟ್ಟ ದಿನ ಗೊಂದಲವಿರದು.

ಸಂಪರ್ಕವಿದ್ದೂ ನಿಧಾನವಾಗಿದ್ದರೆ ಅದು ಬೇರೆ ಕಥೆ. ವೈಫೈಯಲ್ಲಿ ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು; ಉಳಿದವರು ಕಾಯಬೇಕು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು ಮೂರೇ: 1, 6 ಮತ್ತು 11. ಪ್ರತಿ ಕೋಣೆಯಲ್ಲೂ ಫೋನಿನ ಹಾಟ್‌ಸ್ಪಾಟ್ ತೆರೆದರೆ ಸಂತೆಯ ಗದ್ದಲವೇ ಸರಿ. 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಚಾನೆಲ್ಲುಗಳು ಹೆಚ್ಚು, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ಪೆಟ್ಟಿಗೆಗೆ ಹತ್ತಿರವಿದ್ದಾಗ ಅದನ್ನೇ ಆರಿಸಿ. ದೊಡ್ಡ ಕಡತ ಕಳಿಸುವ ದಿನ ಗ್ರಂಥಾಲಯದ ತಂತಿ ಜೋಡಿಸಿದ ಕಂಪ್ಯೂಟರಿಗೆ ಹೋಗುವುದೇ ಜಾಣತನ.

ಪಾಸ್‌ವರ್ಡ್ ಸರಿಯಿದೆ, ಖಾತೆ ಬೀಗ

‘ಪಾಸ್‌ವರ್ಡ್ ಬದಲಿಸಿದೆ. ಅರ್ಧ ಗಂಟೆಗೊಮ್ಮೆ ಖಾತೆ ಬೀಗ ಹಾಕಿಕೊಳ್ಳುತ್ತದೆ. ಯಾರೋ ಕದಿಯಲು ಯತ್ನಿಸುತ್ತಿರಬೇಕು’ ಎಂದು ಗಾಬರಿಪಡುವವರಿದ್ದಾರೆ. ಹಲವು ವೇಳೆ ಕಳ್ಳ ಅವರ ಜೇಬಿನಲ್ಲೇ ಇರುತ್ತಾನೆ. ಫೋನಿನ ಮೇಲ್ ಆ್ಯಪ್ ಮತ್ತು ವೈಫೈ ಸೆಟ್ಟಿಂಗ್ ಹಳೆಯ ಪಾಸ್‌ವರ್ಡನ್ನೇ ನೆನಪಿಟ್ಟುಕೊಂಡು ಮತ್ತೆ ಮತ್ತೆ ಬಾಗಿಲು ತಟ್ಟುತ್ತವೆ. ತಪ್ಪು ಪಾಸ್‌ವರ್ಡುಗಳ ಮಿತಿ ದಾಟಿದೊಡನೆ ಸರ್ವರ್ ಬೀಗ ಹಾಕುತ್ತದೆ. ಪಾಸ್‌ವರ್ಡ್ ಬದಲಿಸಿದ ದಿನವೇ ಎಲ್ಲ ಸಾಧನಗಳಲ್ಲೂ ಹಳೆಯದನ್ನು ಅಳಿಸಿ ಹೊಸದನ್ನು ತುಂಬುವುದೊಂದೇ ಮದ್ದು.

ಹಳೆಯ ಮೇಲ್ ತಂತ್ರಾಂಶ ಬಳಸುವ ಅಧ್ಯಾಪಕರಿಗೆ ಬೇರೆ ತೊಡಕಿದೆ. ಹೆಸರು, ಪಾಸ್‌ವರ್ಡ್ ಎರಡನ್ನೇ ಕೊಟ್ಟು ಒಳಹೋಗುವ ಹಳೆಯ ಕ್ರಮವನ್ನು ಮೈಕ್ರೋಸಾಫ್ಟ್ ತನ್ನ ಮೇಲ್ ಸೇವೆಯಲ್ಲಿ 2022ರ ಅಕ್ಟೋಬರಿನಿಂದ ನಿಲ್ಲಿಸತೊಡಗಿತು. ಗೂಗಲ್ ಕೂಡ ಹಾಗೆಯೇ ಮಾಡಿದೆ. ಪಾಸ್‌ವರ್ಡ್ ಸರಿಯಿದ್ದರೂ ‘ತಪ್ಪು’ ಎಂದೇ ಉತ್ತರ ಬರುತ್ತದೆ. ಹೊಸ ಆವೃತ್ತಿಯ ತಂತ್ರಾಂಶ ಹಾಕಿಕೊಳ್ಳಬೇಕು, ಇಲ್ಲವೇ ಬ್ರೌಸರಿನಲ್ಲೇ ಮೇಲ್ ನೋಡಬೇಕು.

ಬಾರದ ಪತ್ರ, ಮರಳಿದ ಪತ್ರ

ನಿರೀಕ್ಷಿಸಿದ ಇ-ಮೇಲ್ ಬಾರದಿದ್ದರೆ ಮೊದಲು ಸ್ಪ್ಯಾಮ್ ಪೆಟ್ಟಿಗೆ ನೋಡಿ. ಮೊದಲ ಬಾರಿಗೆ ಬರೆಯುವ ಕಂಪನಿ ಅಥವಾ ವಿದೇಶಿ ವಿಶ್ವವಿದ್ಯಾಲಯದ ಪತ್ರ ಅಲ್ಲಿ ಬಿದ್ದಿರುವ ಸಂಭವ ಉಂಟು. ಅನಂತರ ಮೇಲ್ ಪೆಟ್ಟಿಗೆ ತುಂಬಿದೆಯೇ ಪರೀಕ್ಷಿಸಿ. ಶಿಕ್ಷಣ ಸಂಸ್ಥೆಗಳಿಗೆ ಮಿತಿಯಿಲ್ಲದ ಜಾಗ ಕೊಡುತ್ತಿದ್ದ ಗೂಗಲ್, 2022ರಿಂದ ಇಡೀ ಸಂಸ್ಥೆಗೆ ಒಟ್ಟು 100 ಟೆರಾಬೈಟ್ ಎಂಬ ಮಿತಿ ತಂದಿತು. ಹಾಗಾಗಿ ಹಲವು ಸಂಸ್ಥೆಗಳು ತಲಾ ಇಷ್ಟೆಂದು ಪಾಲು ಹಾಕಿವೆ. ಡ್ರೈವ್‌ನಲ್ಲಿಟ್ಟ ಸಿನಿಮಾ, ಪ್ರವಾಸದ ವಿಡಿಯೊಗಳೂ ಈ ಪಾಲಿನಲ್ಲೇ ಲೆಕ್ಕ. ಜಾಗ ತುಂಬಿದರೆ ಹೊಸ ಪತ್ರ ಒಳಬರುವುದಿಲ್ಲ. ಕಳಿಸಿದವರಿಗೆ ವಾಪಸು ಹೋಗುತ್ತದೆ, ನಿಮಗೆ ತಿಳಿಯುವುದೇ ಇಲ್ಲ.

ಕಾಲೇಜಿನ ಪತ್ರಗಳೆಲ್ಲ ತಮ್ಮ ಸ್ವಂತ ಖಾತೆಗೆ ತಾವಾಗಿ ಹೋಗುವಂತೆ ಏರ್ಪಾಡು ಮಾಡಿಕೊಂಡವರು ಗಮನಿಸಬೇಕಾದ ಸಂಗತಿ ಇದು. ಇಂದು ಮೇಲ್ ಸರ್ವರುಗಳು ‘ಈ ವಿಳಾಸದ ಪತ್ರವನ್ನು ತರಲು ಈ ಸರ್ವರಿಗೆ ಅಧಿಕಾರವಿದೆಯೇ?’ ಎಂದು ಪರಿಶೀಲಿಸುತ್ತವೆ. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಈ ನಿಯಮಗಳನ್ನು ಬಿಗಿಗೊಳಿಸಿವೆ. ಬ್ಯಾಂಕಿನ ಪತ್ರವನ್ನು ನಿಮ್ಮ ಕಾಲೇಜಿನ ಸರ್ವರ್ ಹೊತ್ತು ತಂದರೆ ಅದು ನಕಲಿಯೆಂದು ತಿರಸ್ಕೃತವಾಗಬಹುದು. ಮುಖ್ಯ ಪತ್ರ ಕಾಯುವ ದಿನಗಳಲ್ಲಿ ಕಾಲೇಜಿನ ಖಾತೆಯನ್ನೇ ನೇರವಾಗಿ ತೆರೆದು ನೋಡುವುದು ಕ್ಷೇಮ.

ನೀವು ಕಳಿಸಿದ್ದು ಮರಳಿ ಬಂದರೆ ಆ ಇಂಗ್ಲಿಷ್ ಒಕ್ಕಣೆಯನ್ನು ಅಳಿಸಬೇಡಿ. ಅದರಲ್ಲಿರುವ ಮೂರಂಕಿಯ ಸಂಖ್ಯೆಯನ್ನು ಓದಿ. 4ರಿಂದ ಆರಂಭವಾದರೆ ತೊಂದರೆ ತಾತ್ಕಾಲಿಕ, ಸರ್ವರ್ ಮತ್ತೆ ಯತ್ನಿಸುತ್ತದೆ. 5ರಿಂದ ಆರಂಭವಾದರೆ ಶಾಶ್ವತ ನಿರಾಕರಣೆ. ಜತೆಗೆ 5.1.1 ಎಂದಿದ್ದರೆ ಆ ವಿಳಾಸವೇ ಇಲ್ಲ; ಅಕ್ಷರ ತಪ್ಪಿರಬೇಕು. 5.2.2 ಎಂದರೆ ಅವರ ಪೆಟ್ಟಿಗೆ ತುಂಬಿದೆ. ಕಡತ ದೊಡ್ಡದಾದರೂ ಪತ್ರ ಮರಳುತ್ತದೆ. ಜಿಮೇಲಿನಲ್ಲಿ ಲಗತ್ತಿನ ಮಿತಿ 25 ಮೆಗಾಬೈಟ್. ಕಡತವನ್ನು ಅಂಚೆಗೆ ಒಗ್ಗುವ ಅಕ್ಷರಗಳಾಗಿ ಬದಲಾಯಿಸುವಾಗ ಅದು ಸುಮಾರು ಮೂರನೇ ಒಂದು ಪಾಲು ಉಬ್ಬುವುದರಿಂದ, ಮಿತಿಯ ಅಂಚಿನವರೆಗೆ ಹೋಗದಿರುವುದು ಒಳ್ಳೆಯದು.

‘ನಿಮ್ಮ ಪೆಟ್ಟಿಗೆ ತುಂಬಿದೆ, ಇಲ್ಲಿ ಒತ್ತಿ ಪಾಸ್‌ವರ್ಡ್ ಕೊಡಿ’ ಎಂಬ ಪತ್ರ ಬಂದರೆ ಮಾತ್ರ ಒತ್ತಬೇಡಿ. ಇಂಥ ತೊಂದರೆಗಳ ನೆಪದಲ್ಲೇ ಮೋಸಗಾರರು ಬಲೆ ಬೀಸುವುದು. ಯಾವ ಕಂಪ್ಯೂಟರ್ ವಿಭಾಗಕ್ಕೂ ನಿಮ್ಮ ಪಾಸ್‌ವರ್ಡ್ ಬೇಕಿಲ್ಲ. ಕೊಟ್ಟುಬಿಟ್ಟಿದ್ದರೆ ತಕ್ಷಣ ಬದಲಿಸಿ, ವಿಭಾಗಕ್ಕೆ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಿ.

ಐನೂರು ಮೈಲಿಯ ಗೆರೆ

ಒಳ್ಳೆಯ ದೂರು ಹೇಗಿರಬೇಕು ಎಂಬುದಕ್ಕೆ ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಒಂದು ಘಟನೆ ಪ್ರಸಿದ್ಧ. 1990ರ ದಶಕದ ಮಧ್ಯಭಾಗದಲ್ಲಿ ಅಲ್ಲಿ ಇ-ಮೇಲ್ ನೋಡಿಕೊಳ್ಳುತ್ತಿದ್ದ ಟ್ರೇ ಹ್ಯಾರಿಸ್ ಇದನ್ನು 2002ರಲ್ಲಿ ಬರೆದು ತಿಳಿಸಿದರು. ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥರು ಫೋನ್ ಮಾಡಿ, ‘ನಮ್ಮ ಇ-ಮೇಲ್ ಐನೂರು ಮೈಲಿಗಿಂತ ಸ್ವಲ್ಪ ಹೆಚ್ಚು ದೂರದಾಚೆಗೆ ಹೋಗುತ್ತಿಲ್ಲ’ ಎಂದರು. ಇ-ಮೇಲಿಗೆ ಮೈಲಿಗಲ್ಲುಂಟೇ ಎಂದು ನಗು ಬರುವ ಮಾತು. ಆದರೆ ಆ ವಿಭಾಗದವರು ಕೆಲವು ದಿನ ಕಾದು, ಎಲ್ಲಿಗೆ ಹೋಯಿತು ಎಲ್ಲಿಗೆ ಹೋಗಲಿಲ್ಲ ಎಂದು ಲೆಕ್ಕವಿಟ್ಟು, ನಕ್ಷೆಯನ್ನೇ ಮಾಡಿದ್ದರು. ಹ್ಯಾರಿಸ್ ಪರೀಕ್ಷಿಸಿದಾಗ ನ್ಯೂಯಾರ್ಕಿಗೆ ಹೋದ ಪತ್ರ ಅದರಾಚೆಯ ಪ್ರಾವಿಡೆನ್ಸಿಗೆ ಹೋಗಲಿಲ್ಲ!

ಕಾರಣ ಸರ್ವರಿನ ತಂತ್ರಾಂಶದಲ್ಲಿತ್ತು. ಯಂತ್ರವನ್ನು ನವೀಕರಿಸುವಾಗ ಮೇಲ್ ತಂತ್ರಾಂಶ ಹಳೆಯ ಆವೃತ್ತಿಗೆ ಇಳಿದಿತ್ತು. ಹೊಸ ಸೂಚನೆಗಳು ಅದಕ್ಕೆ ಅರ್ಥವಾಗದೆ ‘ಉತ್ತರಕ್ಕೆ ಕಾಯಬೇಕಾದ ಸಮಯ’ ಸೊನ್ನೆಯಾಗಿತ್ತು. ವಾಸ್ತವದಲ್ಲಿ ಯಂತ್ರ ಸುಮಾರು ಮೂರು ಮಿಲಿಸೆಕೆಂಡು ಕಾದು ಕೈಬಿಡುತ್ತಿತ್ತು. ಮೂರು ಮಿಲಿಸೆಕೆಂಡಿನಲ್ಲಿ ಬೆಳಕು ಸಾಗುವ ದೂರ ಸುಮಾರು 558 ಮೈಲಿ. ಸಂಖ್ಯಾಶಾಸ್ತ್ರಜ್ಞರ ಗೆರೆ ಸರಿಯಾಗಿಯೇ ಇತ್ತು. ಅವರು ‘ಮೇಲ್ ಹೋಗುತ್ತಿಲ್ಲ’ ಎಂದಷ್ಟೇ ಹೇಳಿದ್ದರೆ ದೋಷ ಹುಡುಕಲು ಎಷ್ಟು ದಿನ ಬೇಕಾಗುತ್ತಿತ್ತೋ!

ನಕ್ಷೆ ಮಾಡುವಷ್ಟು ವ್ಯವಧಾನ ಎಲ್ಲರಿಗೂ ಇರದು. ಆದರೆ ಇಷ್ಟನ್ನು ಬರೆಯಬಹುದು: ‘ನಿನ್ನೆ ರಾತ್ರಿ 9.10ರಿಂದ ಎರಡನೆಯ ಮಹಡಿಯ ಪೂರ್ವ ಭಾಗದ ಆರು ಕೋಣೆಗಳಲ್ಲಿ ಸಂಪರ್ಕವಿಲ್ಲ. ಕೆಳ ಮಹಡಿಯಲ್ಲಿ ಸರಿಯಿದೆ. ನನ್ನ ಲ್ಯಾಪ್‌ಟಾಪಿಗೆ 169.254 ಎಂಬ ವಿಳಾಸ ಬಂದಿದೆ. ಮರುಚಾಲನೆ ಮಾಡಿ ನೋಡಿದ್ದೇನೆ.’ ಜತೆಗೆ ಪರದೆಯ ಮೇಲಿನ ದೋಷದ ಸಂದೇಶದ ಚಿತ್ರ. ಇಂಥ ನಾಲ್ಕು ಸಾಲು ಕೈಯಲ್ಲಿದ್ದರೆ ಸಿಬ್ಬಂದಿ ನೇರವಾಗಿ ಎರಡನೆಯ ಮಹಡಿಯ ಸ್ವಿಚ್ಚಿನ ಬಳಿ ಹೋಗುತ್ತಾರೆ. ‘ನಮ್ಮ ಕಡೆ ಸರಿಯಾಗಿದೆ’ ಎಂಬ ಉತ್ತರಕ್ಕೂ ಆಸ್ಪದವಿರದು.

ಹೊಣೆ ವಿದ್ಯಾರ್ಥಿಗಳದು ಮಾತ್ರ ಅಲ್ಲ. ಜಾಲ ಕೆಟ್ಟಾಗ ಆ ಸುದ್ದಿಯನ್ನು ಇ-ಮೇಲಿನಲ್ಲೇ ಕಳಿಸಿದರೆ ಯಾರು ಓದಬೇಕು? ಹಾಸ್ಟೆಲ್ಲಿನ ಸೂಚನಾ ಫಲಕದಲ್ಲಿ ಒಂದು ಚೀಟಿ, ದೂರು ಹೇಳಲು ಒಂದು ಫೋನ್ ಸಂಖ್ಯೆ, ಕೊಟ್ಟ ದೂರಿಗೆ ಒಂದು ಕ್ರಮಸಂಖ್ಯೆ ಇದ್ದರೆ ಅರ್ಧ ಅಸಮಾಧಾನ ಇಳಿಯುತ್ತದೆ. ಕೊನೆಯ ದಿನವೇ ಜಾಲ ಕೈಕೊಟ್ಟಿತೆಂದು ದಾಖಲೆ ಸಮೇತ ತೋರಿಸಿದ ವಿದ್ಯಾರ್ಥಿಗೆ ಸಂಸ್ಥೆ ಒಂದು ದಿನದ ಅವಕಾಶ ಕೊಡುವುದು ದಾಕ್ಷಿಣ್ಯವಲ್ಲ, ನ್ಯಾಯ. ವಿದ್ಯಾರ್ಥಿಯೂ ಅಷ್ಟೆ, ಕೊನೆಯ ದಿನದ ಹಿಂದಿನ ದಿನವನ್ನೇ ತನ್ನ ಕೊನೆಯ ದಿನವೆಂದು ಗೊತ್ತುಮಾಡಿಕೊಂಡರೆ, ಯಾವ ಕೊಂಡಿ ಕಳಚಿದರೂ ಅದನ್ನು ಹುಡುಕಲು ಇಪ್ಪತ್ತನಾಲ್ಕು ಗಂಟೆ ಕೈಯಲ್ಲಿರುತ್ತದೆ.